ಉದ್ಯೋಗ: ವ್ಯವಸಾಯ

ನನ್ನ ನೋಟ್‌ಬುಕ್ಕಿನ ಪ್ರಕಾರ ಅಪ್ಪನ ಮೂಗಿನಲ್ಲಿ ಮೊದಲ ಸಲ ರಕ್ತ ಕಂಡದ್ದು ಜುಲೈ ಒಂಬತ್ತರ ಬೆಳಗ್ಗೆ. ಮುಖ ತೊಳೆದು ಒರೆಸಿಕೊಂಡ ಟವೆಲಿನ ಮೇಲೆ ಹುಣಸೆಬೀಜದಷ್ಟು ಕಲೆ. ಅದರ ಪಕ್ಕದಲ್ಲಿ ‘ಎಡಹೊಳ್ಳೆ’ ಎಂದೂ ಬರೆದಿದ್ದೇನೆ. ಈಗ ಆ ಪುಟ ತೆರೆದರೆ ನನಗೆ ಸಿಟ್ಟು ಬರುವುದು ಆ ಒಂದು ಪದ ಕಂಡು. ನೋಡಿದ್ದೆ, ಬರೆದೂ ಇದ್ದೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ನಮ್ಮದು ಕಂಪಲಾಪುರದ ಹತ್ತಿರದ ಊರು. ಊರಿನ ಹಾಲಿನ ಡೈರಿಯಲ್ಲಿ ಬೆಳಗ್ಗೆ, ಸಂಜೆ ಹಾಲು ಅಳೆದು, ಫ್ಯಾಟ್ ನೋಡಿ, ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಆ ಅಭ್ಯಾಸವೇ ಮನೆಗೂ ಬಂತೋ ಏನೋ, ಪಿಯುಸಿ ಮುಗಿದಾಗಿನಿಂದ ದಿನಾ ತಾರೀಖು ಹಾಕಿ ಒಂದಿಷ್ಟು ಬರೆದಿಡುತ್ತೇನೆ. ಮಳೆ ಬಂದದ್ದು, ಹಸು ಗಬ್ಬವಾದದ್ದು, ಯಾರಿಗೆ ಎಷ್ಟು ದಿನ ಜ್ವರ. ಅಪ್ಪ ಆಡಿಕೊಳ್ಳುತ್ತಿದ್ದ: “ಅಲ್ಲೂ ಡೈರಿ, ಇಲ್ಲೂ ಡೈರಿ. ಅಲ್ಲಿ ಅಸ ಕರ್ದದ್ದು ಬರೀತೀಯ, ಇಲ್ಲಿ ನಾನ್ ಸೀನಿದ್ದು ಬರೀತೀಯ.”

ಅಪ್ಪ ದಿನಾ ಬೆಳಗ್ಗೆ ಎಂಟೂವರೆಗೆ ಹುಣಸೂರು ರಸ್ತೆಯ ಒಂದು ಸಾಮಿಲ್ಲಿಗೆ ಹೋಗುತ್ತಿದ್ದ. ಕೊಡಗಿನ ತೋಟಗಳಿಂದ ಲಾರಿಯಲ್ಲಿ ಬರುವ ಸಿಲ್ವರ್ ಮರ, ಹಲಸು, ತೇಗ, ಎಲ್ಲವನ್ನೂ ಹಲಗೆ, ರೀಪರು ಪಟ್ಟಿ ಮಾಡಿ ಕೊಯ್ಯುವ ಮಿಲ್ಲು. ಇಪ್ಪತ್ಮೂರು ವರ್ಷ ಅಲ್ಲಿ ಗರಗಸದ ಮುಂದೆ ನಿಂತಿದ್ದಾನೆ. ಸಂಜೆ ಬಂದಾಗ ಹುಬ್ಬು, ಕಿವಿಯ ಕೂದಲು, ಮೂಗಿನ ಹೊಳ್ಳೆ ಎಲ್ಲ ಹಳದಿ ಬಣ್ಣ. ಮೊಪೆಡ್ಡಿನ ಹಿಂದೆ ಒಂದು ಚೀಲ ಮರದ ಹೊಟ್ಟು. ಅವ್ವ ಅದನ್ನು ಬಚ್ಚಲ ಒಲೆಗೆ ತುಂಬುತ್ತಿದ್ದಳು.

ಆದರೆ ಅಪ್ಪನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಸಾಮಿಲ್ಲು ಎಂಬ ಮಾತು ಬರುವುದಿಲ್ಲ. ವ್ಯವಸಾಯ. ಎರಡೆಕರೆ ಇದೆ, ಹೊಗೆಸೊಪ್ಪು, ರಾಗಿ ಬೆಳೆಯುತ್ತೇವೆ. ನಿಜ ಹೇಳಬೇಕೆಂದರೆ ಬೆಳೆಯುವವಳು ಅವ್ವ. ಅಪ್ಪ ಭಾನುವಾರ ಬದುವಿನ ಮೇಲೆ ನಿಂತು ಸಲಹೆ ಕೊಡುತ್ತಾನೆ. ಐದನೇ ಕ್ಲಾಸಿನಲ್ಲಿ ಶಾಲೆಯ ಫಾರಂ ತುಂಬುವಾಗ ‘ತಂದೆಯ ಉದ್ಯೋಗ’ದ ಮುಂದೆ ನಾನು ‘ಮಿಲ್ ಕೆಲಸ’ ಎಂದು ಬರೆದಿದ್ದೆ. ಅಪ್ಪ ಅದನ್ನು ನೋಡಿ ರಬ್ಬರ್ ತರಿಸಿದ. “ಕೂಲಿಗೋಗದು ಬ್ಯಾರೆ, ಕಸುಬು ಬ್ಯಾರೆ. ನಾವು ಒಕ್ಕಲು ಮಕ್ಕಳು. ವ್ಯವಸಾಯ ಅಂತ ಬರಿ.” ಅಂದಿನಿಂದ ಇಂದಿನವರೆಗೆ ಎಷ್ಟು ಫಾರಂ ತುಂಬಿದ್ದೇನೋ, ಎಲ್ಲದರಲ್ಲೂ ಅದೇ ಪದ. ಕೈ ತಾನಾಗಿಯೇ ಬರೆಯುತ್ತದೆ.

ಜುಲೈ ಹದಿನಾರರಂದು ಪಟ್ಟಣದ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಟಾರ್ಚು ಹಾಕಿ ನೋಡಿದರು. “ಧೂಳಲ್ಲಿ ಓಡಾಡ್ತೀರಾ?”

“ಹೊಲದ ಧೂಳು ಸಾರ್, ಇದ್ದದ್ದೇ” ಅಂದ ಅಪ್ಪ.

ಅಲರ್ಜಿ ಎಂದರು. ಆಗಸ್ಟಿನಲ್ಲಿ ಸೈನಸ್ ಎಂದರು. ಆ ಪದ ಸಿಕ್ಕಿದ ಮೇಲೆ ನಮಗೆ ಒಂಥರಾ ನೆಮ್ಮದಿಯಾಯಿತು, ಏಕೆಂದರೆ ಸೈನಸ್ ಎಲ್ಲರ ಮನೆಯಲ್ಲೂ ಇತ್ತು. ಡೈರಿಗೆ ಹಾಲು ತರುವವರಲ್ಲಿ ಕೇಳಿದವರೆಲ್ಲ “ಸೈನಸ್ಸಾ? ನಮ್ಮತ್ತೆಗೂ ಐತೆ ಬುಡು” ಅನ್ನುವವರೇ. ನವೆಂಬರ್ ಕೊನೆಯವರೆಗೆ ಹಾಗೆ ಅಂದವರು ಇಪ್ಪತ್ತಾರು ಜನ. ಲೆಕ್ಕ ಇಟ್ಟಿದ್ದೇನೆ. ಅವರು ಹೇಳಿದ ಔಷಧಿಗಳೂ ಇವೆ: ತುಂಬೆ ರಸ, ಸುಟ್ಟ ಅರಿಶಿನಕೊಂಬಿನ ಹೊಗೆ, ನೀಲಗಿರಿ ಎಣ್ಣೆಯ ಹಬೆ, ತಲೆಗೆ ಹರಳೆಣ್ಣೆ. ಎಲ್ಲವನ್ನೂ ಮಾಡಿದೆವು. ಬ್ಯಾರನ್ ಮನೆಯಲ್ಲಿ ಬೆಂಕಿ ಹಾಕಿ ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ರಕ್ತ ಬಂದರೆ ಬ್ಯಾರನ್ನಿನ ಉಷ್ಣ ಎಂದರು. ಬ್ಯಾರನ್ನಿನ ಬೆಂಕಿ ಆರಿದ ಮೇಲೆ ಬಂದಾಗ ಚಳಿಯ ಒಣಹವೆ ಎಂದರು. ಅಪ್ಪನ ಮೂಗಿಗೆ ವರ್ಷದ ಎಲ್ಲ ಕಾಲದಲ್ಲೂ ಒಂದು ಕಾರಣ ಸಿಗುತ್ತಿತ್ತು.

ಡಿಸೆಂಬರ್ ಹದಿನೆಂಟು. ಅವ್ವ ಅವರೆಕಾಳು ಸಾರು ಮಾಡಿದ್ದಳು. ಅಪ್ಪ ಮುದ್ದೆ ಮುರಿದು ಎರಡು ತುತ್ತು ನುಂಗಿ, “ಈ ವರ್ಸದ ಅವ್ರೆಗೆ ಸೊಗಡೇ ಇಲ್ಲ ಕಣೇ” ಅಂದ. ಅವತ್ತು ಸೊಗಡು ಬೀದಿಯವರೆಗೂ ಹಬ್ಬಿತ್ತು.

“ಸೊಗಡಿಲ್ವಾ? ಪಕ್ಕದ ಮನೆಯೋರು ಬಾಗಿಲಿಗ್ ಬಂದು ಕೇಳ್ಕಂಡ್ ವೋದ್ರು. ನನ್ ಕೈರುಚಿ ಕೆಟ್ಟೋಗದೆ ಅಂತ ಎಲ್ರ ಮುಂದೂ ಏಳ್ಕಂಡ್ ಬಾ ವೋಗು” ಅಂದಳು ಅವ್ವ. ಆ ರಾತ್ರಿಯಿಂದ ನಾಲ್ಕು ದಿನ ಇಬ್ಬರಿಗೂ ಮಾತಿಲ್ಲ. ನಾನು ಬರೆದದ್ದು ಹೀಗಿದೆ: ‘ಅವರೆಕಾಳು ವಿಷಯಕ್ಕೆ ಜಗಳ.’ ಅಪ್ಪನಿಗೆ ವಾಸನೆ ಹೋಗಿದೆ ಎಂದು ಬರೆಯಬೇಕಿತ್ತು. ಅದು ಹೊಳೆಯಲಿಲ್ಲ.

ಮಾರ್ಚಿಗೆ ಎಡಗಣ್ಣಿನಿಂದ ಸದಾ ನೀರು. ಅಷ್ಟರಲ್ಲಿ ಕ್ಲಿನಿಕ್ಕಿಗೆ ಹನ್ನೊಂದು ಸಲ ಹೋಗಿದ್ದೆವು, ಮೂಗಿಗೆ ಬಿಡುವ ಹನಿಯ ಬಾಟಲಿ ಹದಿನಾಲ್ಕು ಮುಗಿದಿದ್ದವು. ರಕ್ತ ಬಂದದ್ದು ಮೂವತ್ತೊಂದು ಸಲ. ಮೂವತ್ತೊಂದೂ ಎಡಗಡೆ. ಯಾವ ಕಡೆ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳಬೇಕು ಎಂದು ನನಗೂ ಗೊತ್ತಾಗಲಿಲ್ಲ. ನೋಟ್‌ಬುಕ್ಕು ಪ್ರತಿ ಸಲವೂ ನನ್ನ ಬ್ಯಾಗಿನಲ್ಲೇ ಇತ್ತು.

ಮಾರ್ಚ್ ಇಪ್ಪತ್ತೈದರಂದು ಮಿಲ್ಲಿನ ಯಾರೋ ಹೇಳಿದರೆಂದು ಎಚ್.ಡಿ. ಕೋಟೆ ದಾಟಿ, ಎನ್. ಬೇಗೂರಿನ ಕಡೆ ನಾಟಿ ಔಷಧಿ ಕೊಡುವ ಮುದುಕರೊಬ್ಬರ ಹತ್ತಿರ ಹೋದೆವು. ಮೂರು ಬಸ್ಸು ಬದಲಾಯಿಸಿ ಹೋಗುವುದರೊಳಗೆ ಮಧ್ಯಾಹ್ನ. ಅವರು ಅಪ್ಪನನ್ನು ಬಿಸಿಲಿಗೆ ಮುಖ ಮಾಡಿ ಕೂರಿಸಿ, ಒಂದೊಂದೇ ಹೊಳ್ಳೆ ಒತ್ತಿ ಉಸಿರು ಬಿಡಲು ಹೇಳಿದರು.

“ಯಾವಾಗ್ಲೂ ಇದೊಂದೇ ಕಡೆ ಸೋರದಾ?”

“ಹೂಂ, ಎಡಗಡೆ” ಅಂದೆ ನಾನು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಆ ಪದವನ್ನು ಬಾಯಿಬಿಟ್ಟು ಹೇಳಿದೆ.

“ಎರಡು ವೊಳ್ಳೆ ಸೋರಿದ್ರೆ ಸೀತ. ಒಂದೇ ವೊಳ್ಳೆ ಸೋರಿದ್ರೆ ಒಳಗೇನೋ ಕೂತದೆ. ನನ್ ಸೊಪ್ಪಲ್ಲಿ ವೋಗದಲ್ಲ ಇದು. ನಾಳೆನೇ ಮೈಸೂರಿಗೋಗಿ” ಎಂದು ಏನೂ ಕೊಡದೆ ಕಳಿಸಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪನಿಗೆ ಕೋಪ. “ಒಂದ್ ದಿನ ಆಳಾಯ್ತು. ಇಷ್ಟ್ ದೂರ ಬಂದಿವಿ, ಒಂದ್ ಚಿಟಿಕೆ ಬೇರಾದ್ರೂ ಕೊಡಬಾರದಾ ಆ ಮುದ್ಕ?” ನನಗೂ ಕೋಪವೇ ಬಂದಿತ್ತು. ಅವತ್ತಿನ ಪುಟದಲ್ಲಿ ‘ವ್ಯರ್ಥ’ ಎಂದು ಬರೆದಿದ್ದೇನೆ. ನನ್ನ ಕೈ ಬರೆದದ್ದರಲ್ಲಿ ಅದಕ್ಕಿಂತ ತಪ್ಪಾದ ಪದ ಇನ್ನೊಂದಿಲ್ಲ, ಫಾರಂಗಳಲ್ಲಿ ಬರೆದ ಆ ಒಂದನ್ನು ಬಿಟ್ಟು.

ಮೈಸೂರಿನಲ್ಲಿ ಏಪ್ರಿಲ್ ಎರಡರಂದು ಕಿವಿ ಮೂಗಿನ ಡಾಕ್ಟರು ಸಣ್ಣ ಕ್ಯಾಮೆರಾ ಇರುವ ಕಡ್ಡಿಯನ್ನು ಎಡಹೊಳ್ಳೆಯೊಳಗೆ ಇಳಿಸಿ, ಪರದೆಯ ಮೇಲೆ ನಮಗೂ ತೋರಿಸಿದರು. ಬೂದುಗೆಂಪಿನ ಒಂದು ಮಾಂಸದ ಮುದ್ದೆ. ಮುಟ್ಟಿದರೆ ರಕ್ತ. ಸ್ಕ್ಯಾನ್ ಆಯಿತು. ಎರಡು ಕಣ್ಣುಗಳ ನಡುವೆ, ಮೂಗಿನ ಮೇಲ್ಭಾಗದಲ್ಲಿ ಜೇನುಗೂಡಿನಂಥ ಮೂಳೆಯ ಗೂಡುಗಳಿವೆಯಂತೆ. ಎಡಗಡೆಯ ಗೂಡುಗಳೆಲ್ಲ ತುಂಬಿದ್ದವು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನದ ಮೇಲೆ ಬಂದ ರಿಪೋರ್ಟಿನಲ್ಲಿ ಬರೀ ಪಾಲಿಪ್, ಅಂದರೆ ಉಬ್ಬಿದ ಚರ್ಮ, ಅಪಾಯವಿಲ್ಲ ಎಂದಿತ್ತು. ಅವ್ವ ಪಾಯಸ ಮಾಡಿದಳು. ಪಾಯಸ ಕುಡಿಯುತ್ತಿರುವಾಗಲೇ ಡಾಕ್ಟರ ಫೋನು: ಮೇಲಿನ ಚೂರು ಮಾತ್ರ ಬಂದಿದೆ ಅನ್ನಿಸುತ್ತದೆ, ಒಳಗಿನದು ಬೇಕು, ಇನ್ನೊಮ್ಮೆ ತೆಗೆಯಬೇಕು. ಪಾಯಸ ಹಾಗೇ ಉಳಿಯಿತು.

ಎರಡನೇ ರಿಪೋರ್ಟು ಮೇ ಒಂಬತ್ತರಂದು ಬಂತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಕ್ಯಾನ್ಸರ್ ಎಂಬುದು ನನಗೂ ಓದಲು ಬಂತು. ಉಳಿದದ್ದನ್ನು ಓದಲು ಕೆ.ಆರ್. ನಗರದಿಂದ ಸೋದರಮಾವನನ್ನು ಕರೆಸಿದೆವು. ಮಾವ ನಿವೃತ್ತ ಮೇಷ್ಟ್ರು. ಕನ್ನಡಕ ಏರಿಸಿ, ಪೆನ್ನಿನಿಂದ ಒಂದೊಂದೇ ಪದದ ಕೆಳಗೆ ಗೆರೆ ಎಳೆದು, ‘ಇಂಟೆಸ್ಟೈನಲ್ ಟೈಪ್’ ಎಂಬಲ್ಲಿ ನಿಂತರು. “ಇಂಟೆಸ್ಟೈನು ಅಂದ್ರೆ ಕರುಳು. ಕರುಳಿಗೂ ಇಳ್ದ್‌ಬುಟ್ಟಿದೆ ಕಣಮ್ಮ.”

ಅವ್ವ ಅಲ್ಲೇ ಕುಸಿದು ಕೂತಳು. ಮಾವ ಸುಮ್ಮನಿರುವವರಲ್ಲ, ಫೋನು ಹಿಡಿದರು. ಸಂಜೆ ನಾನು ಡೈರಿಗೆ ಹೋಗುವಷ್ಟರಲ್ಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರು, “ನಿಮ್ಮಪ್ಪಂಗೆ ವೊಟ್ಟೆ ಕ್ಯಾನ್ಸರಂತೆ?” ಅಂದರು. ಮೂಗು ಅಂದೆ. “ಮೂಗಿಗೆ ಎಲ್ಲಾದ್ರೂ ಬತ್ತದಾ?” ಎಂದು ನನ್ನನ್ನೇ ತಿದ್ದಿದರು. ಮೂರು ದಿನ ಮನೆಗೆ ಬಂದವರೆಲ್ಲ ಗಂಜಿ ತಂದರು. ನಾಲ್ಕನೇ ಪಾತ್ರೆ ಗಂಜಿ ನೋಡಿ ಅಪ್ಪ ರೇಗಿದ: “ಮೂಗಲ್ಲಿ ಉಣ್ತಾರೇನ್ರೀ ಯಾರಾದ್ರೂ? ಮುದ್ದೆ ಇಕ್ಕಿ ನಂಗೆ.”

ಮೇ ಹನ್ನೆರಡು. ಕ್ಯಾನ್ಸರ್ ವಿಭಾಗ. ಹೊಸ ಫಾರಂ. ಹೆಸರು, ವಯಸ್ಸು, ಊರು, ಉದ್ಯೋಗ. ಬರೆದೆ.

ಆಪರೇಷನ್ ಮಾಡುವ ಡಾಕ್ಟರಮ್ಮ ಅವಸರವಿಲ್ಲದೆ ಮಾತಾಡುವವರು. ಒಂದು ಹಾಳೆಯ ಮೇಲೆ ಮೂಗಿನ ಚಿತ್ರ ಬರೆದು ತಿಳಿಸಿದರು. “ಇದು ಬಹಳ ಅಪರೂಪದ ಗಡ್ಡೆ. ಮೈಕ್ರೋಸ್ಕೋಪಿನಲ್ಲಿ ಕರುಳಿನ ಗಡ್ಡೆ ಥರ ಕಾಣುತ್ತೆ, ಅದಕ್ಕೇ ಆ ಹೆಸರು. ಎರಡು ದಾರಿ ಇದೆ. ಒಂದು, ಮೂಗಲ್ಲೇ ಹುಟ್ಟಿದ್ದು. ಅದು ಹೆಚ್ಚಾಗಿ ವರ್ಷಗಟ್ಟಲೆ ಮರಗೆಲಸ ಮಾಡಿದವರಲ್ಲಿ. ಇನ್ನೊಂದು, ನಿಜವಾಗಿ ಕರುಳಲ್ಲೇ ಹುಟ್ಟಿ ಇಲ್ಲಿಗೆ ಬಂದದ್ದು.” ಫಾರಂ ನೋಡಿದರು. “ವ್ಯವಸಾಯ. ಮರಗೆಲಸ ಏನಾದ್ರೂ ಮಾಡ್ತಿದ್ರಾ?”

“ಇಲ್ಲ ಮೇಡಂ” ಅಂದೆ ನಾನು.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಮ್ಮ ಕಡೆ ಮರಗೆಲಸ ಅಂದರೆ ಉಳಿ, ಬಾಚಿ ಹಿಡಿದು ಬಾಗಿಲು, ನೇಗಿಲು ಮಾಡುವುದು. ಅದು ಆಚಾರ್ರ ಕಸುಬು. ಅಪ್ಪ ಒಂದು ಸ್ಟೂಲನ್ನೂ ಮಾಡಿದವನಲ್ಲ. ಅವನದು ಮಿಲ್ಲಿನ ಕೆಲಸ. ಆ ಪದ ಕೇಳಿದಾಗ ನನ್ನ ತಲೆಯಲ್ಲಿ ನಮ್ಮ ಊರಿನ ಆಚಾರ್ರ ಮನೆಯ ಜಗುಲಿ ಬಂತೇ ಹೊರತು ಹುಣಸೂರು ರಸ್ತೆಯ ಗರಗಸ ಬರಲಿಲ್ಲ. ಪಕ್ಕದಲ್ಲೇ ಕೂತಿದ್ದ ಅಪ್ಪನೂ ಇಲ್ಲವೆಂದು ತಲೆಯಾಡಿಸಿದ.

“ಹಾಗಿದ್ದರೆ ಮೊದಲು ಕರುಳು ನೋಡಲೇಬೇಕು” ಎಂದರು.

ಕರುಳಿನ ಕ್ಯಾಮೆರಾ ಪರೀಕ್ಷೆಗೆ ಸಿಕ್ಕ ದಿನ ಜೂನ್ ಮೂರು. ಅಲ್ಲಿಯವರೆಗೆ ಕಾಯಬೇಕು. ಈ ಕಾಯುವಿಕೆಯನ್ನು ಹೇಗೆ ಬರೆಯಬೇಕೋ ಗೊತ್ತಾಗದೆ ನಾನು ದಿನಾ ಬೆಳಗ್ಗೆ ಅಪ್ಪನ ಎರಡೂ ಕಣ್ಣುಗಳನ್ನು ಹೋಲಿಸಿ ನೋಡಿ ಬರೆಯತೊಡಗಿದೆ. ಮೇ ಹದಿನೇಳು: ಎಡಗಣ್ಣು ಸ್ವಲ್ಪ ಮುಂದಕ್ಕೆ. ಮೇ ಇಪ್ಪತ್ತೊಂದು: ಹಾಗೇ. ಮೇ ಇಪ್ಪತ್ತೆಂಟು: ಇನ್ನೂ ಮುಂದಕ್ಕೆ, ಅಥವಾ ನನ್ನ ಭ್ರಮೆ. ಅವ್ವನನ್ನು ಕೇಳಿದರೆ, “ದಿನಾ ಅಂಗ್ ದುರುಗುಟ್ಕಂಡ್ ನೋಡಿದ್ರೆ ಯಾರ್ ಕಣ್ಣಾದ್ರೂ ಉಬ್ತದೆ” ಅಂದಳು.

ಪರೀಕ್ಷೆಯಾಯಿತು. ಕರುಳು ಸ್ವಚ್ಛವಾಗಿತ್ತು.

ಜೂನ್ ಏಳರಂದು ಮತ್ತೆ ಡಾಕ್ಟರಮ್ಮನ ಮುಂದೆ ಕೂತೆವು. ಅವರಿಗೇ ಬಗೆಹರಿಯದ ಹಾಗಿತ್ತು. ಕಣ್ಣಿನಲ್ಲಿ ಎಲ್ಲಿ ಭಾರ ಎಂದು ಕೇಳಿದಾಗ ಅಪ್ಪ ಬಲಗೈ ತೋರುಬೆರಳಿನಿಂದ ಮೂಗಿನ ಬುಡ ಮುಟ್ಟಿ ತೋರಿಸಿದ. ಆ ಬೆರಳಿಗೆ ಮೇಲಿನ ಗೆಣ್ಣು ಇಲ್ಲ.

“ಬೆರಳಿಗೇನಾಯ್ತು?”

“ಮಿಲ್ಲಲ್ಲಿ ಓಯ್ತು ಮೇಡಂ. ಅಳೇದು.”

“ಯಾವ ಮಿಲ್ಲು?”

“ಸಾಮಿಲ್ಲು.”

ಅವರು ಪೆನ್ನು ಕೆಳಗಿಟ್ಟರು. “ಅಲ್ಲಿ ಏನು ಕೆಲಸ?”

“ಮರ ಕೊಯ್ಯದು.”

“ಎಷ್ಟು ವರ್ಷದಿಂದ?”

“ಇಪ್ಪತ್ಮೂರು.”

“ನಾನು ಅವತ್ತೇ ಕೇಳಿದ್ದೆ ಅಲ್ವಾ, ಮರಗೆಲಸ ಮಾಡ್ತಿದ್ರಾ ಅಂತ?”

“ಮರಗೆಲಸ ಅಂದ್ರಿ ಮೇಡಂ. ಅದು ಆಚಾರ್ರು ಮಾಡದು. ನಾನು ಬರೀ ಕೊಯ್ಯೋನು.”

ಅವರು ಅಪ್ಪನನ್ನೂ ನನ್ನನ್ನೂ ನೋಡಿದರು. “ಕೊಯ್ಯೋದೂ ಮರಾನೇ ಅಲ್ವೇನ್ರೀ?”

ನನಗೆ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನಾವು ಮೊದಲೇ ಹೇಳಿದ್ದರೆ ಕರುಳಿನ ಪರೀಕ್ಷೆ ಬೇಕಿರಲಿಲ್ಲವೇ ಎಂದು ಕೇಳಿದೆ. ಮಾಡಿಸುತ್ತಿದ್ದೆ ಎಂದರು, ಆದರೆ ಅದಕ್ಕಾಗಿ ಆಪರೇಷನ್ನಿನ ತಯಾರಿ ನಿಲ್ಲಿಸುತ್ತಿರಲಿಲ್ಲ. ಎಷ್ಟು ವ್ಯತ್ಯಾಸ ಆಗುತ್ತಿತ್ತು? “ಅದನ್ನು ಹೇಳೋಕಾಗಲ್ಲಮ್ಮ.” ಮೇ ಹನ್ನೆರಡರಿಂದ ಜೂನ್ ಏಳು, ಇಪ್ಪತ್ತಾರು ದಿನ. ಸಂಖ್ಯೆ ನನ್ನ ಹತ್ತಿರ ಇದೆ. ಅದರ ಬೆಲೆ ಏನೆಂದು ಹೇಳುವವರು ಯಾರೂ ಇಲ್ಲ.

ಹೊಸ ಸ್ಕ್ಯಾನ್ ಮಾಡಿಸಿದರು. ಏಪ್ರಿಲ್‌ನ ಸ್ಕ್ಯಾನನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ಗಡ್ಡೆಗೂ ಎಡಗಣ್ಣಿಗೂ ನಡುವೆ ಕಾಗದದಷ್ಟು ತೆಳುವಾದ ಒಂದು ಮೂಳೆಯ ಗೋಡೆ. ಏಪ್ರಿಲ್‌ನಲ್ಲಿ ಅದು ಪೂರ್ತಿ ಗೆರೆ. ಈಗ ಒಂದು ಕಡೆ ಗೆರೆ ಕಡಿದಿತ್ತು. ಮೂಳೆಯ ಹಿಂದೆ ಕಣ್ಣನ್ನು ಸುತ್ತಿಕೊಂಡ ಒಂದು ಪೊರೆ ಇದೆ, ಗಡ್ಡೆ ಆ ಪೊರೆಯನ್ನೂ ದಾಟಿದ್ದರೆ ಕಣ್ಣನ್ನೇ ತೆಗೆಯಬೇಕಾಗುತ್ತದೆ, ದಾಟಿದೆಯೋ ಇಲ್ಲವೋ ಆಪರೇಷನ್ ಟೇಬಲ್ಲಿನ ಮೇಲೆಯೇ ಗೊತ್ತಾಗುವುದು, ಅದಕ್ಕೆ ಮೊದಲೇ ಒಪ್ಪಿಗೆ ಬೇಕು ಎಂದರು.

ಅಪ್ಪ ಸಹಿ ಹಾಕದೆ ಎದ್ದು ಬಂದ.

ಮೂರು ದಿನ ಮನೆಯಲ್ಲಿ ಅದೇ ಮಾತು. “ಕಣ್ಣ್ ಕೊಟ್ಟು ಇನ್ನೇನ್ ಮಾಡ್ಲಿ? ಗರಗಸದ ಮುಂದೆ ನಿಲ್ಲೋಕೆ ಎರಡೂ ಬೇಕು ಕಣೇ” ಎನ್ನುವುದು ಅಪ್ಪನ ಹಟ.

“ಮರದ್ ಮ್ಯಾಲಿನ ಗೆರೆ ನೋಡುವಾಗ ನೀನ್ ಮುಚ್ಚದು ಎಡಗಣ್ಣೇ. ಇಪ್ಪತ್ಮೂರು ವರ್ಸದಿಂದ ಮುಚ್ಕಂಡೇ ಇದ್ದೀಯ. ಈಗ ಅದರ ಮ್ಯಾಲೆ ಪ್ರೀತಿ ಬಂತಾ?” ಅಂದಳು ಅವ್ವ. ಹೇಳಿದವಳೇ ಹಿತ್ತಿಲಿಗೆ ಹೋಗಿ ಅತ್ತಳು. ನಾನು ಇಬ್ಬರ ಮೇಲೂ ಕೂಗಾಡಿದೆ. ಎಲ್ಲಕ್ಕಿಂತ ಹೆಚ್ಚು ಆ ಒಂದು ಕಾಲಂ ತುಂಬಿದ ನನ್ನ ಕೈ ಮೇಲೆ ಸಿಟ್ಟಿತ್ತು, ಆದರೆ ಕೂಗಾಡಲು ಸಿಕ್ಕವರು ಅವರು. ಅಪ್ಪ ಕೊನೆಗೆ, “ನಿನ್ ತೆಪ್ಪಲ್ಲ ಬುಡು ಮಗ, ಬರ್ಸಿದೋನು ನಾನು” ಅಂದ. ಅದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬರೆಸಿದಾಗ ನಾನು ಐದನೇ ಕ್ಲಾಸು. ಈಗ ನನಗೆ ಇಪ್ಪತ್ನಾಲ್ಕು.

ಜೂನ್ ಹತ್ತೊಂಬತ್ತರಂದು ಸಹಿ ಹಾಕಿದ. ಇಪ್ಪತ್ಮೂರರಂದು ಆಪರೇಷನ್. ಬೆಳಗ್ಗೆ ಎಂಟು ಹತ್ತಕ್ಕೆ ಒಳಗೆ ಕರೆದುಕೊಂಡು ಹೋದವರು ಮಧ್ಯಾಹ್ನ ಮೂರು ನಲವತ್ತಕ್ಕೆ ಹೊರಗೆ ಬಂದರು. ಡಾಕ್ಟರಮ್ಮ ಟೋಪಿ ತೆಗೆಯುತ್ತಾ ಮೊದಲು ಹೇಳಿದ್ದು, “ಕಣ್ಣು ಇದೆ.” ಅವ್ವ ಅವರ ಕೈ ಹಿಡಿದುಕೊಂಡಳು. ಗಡ್ಡೆ ಪೊರೆಗೆ ಅಂಟಿತ್ತು, ದಾಟಿರಲಿಲ್ಲ. ಪೊರೆಯ ಒಂದು ಚೂರನ್ನೂ ಸೇರಿಸಿ ತೆಗೆದಿದ್ದರು. ಆದರೆ ರೇಡಿಯೇಷನ್ ಕೊಡಲೇಬೇಕು, ಅಷ್ಟು ಹತ್ತಿರ ಕೊಡುವಾಗ ಆ ಕಣ್ಣಿಗೂ ಪೆಟ್ಟು ಬೀಳಬಹುದು, ಉರಿ, ಮಂಜು, ನೋವು ಏನೇ ಆದರೂ ತಕ್ಷಣ ಹೇಳಬೇಕು. ಆ ಕೊನೆಯ ಮಾತನ್ನು ಅಪ್ಪನಿಗೆ ಮೂರು ಸಲ ಹೇಳಿದರು. ಎಣಿಸಿದ್ದೇನೆ.

ಆಗಸ್ಟ್ ನಾಲ್ಕರಿಂದ ರೇಡಿಯೇಷನ್. ಚೀಟಿ ಮಾಡಿಸುವ ಕೌಂಟರಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದವರು ಉದ್ಯೋಗ ಕೇಳಿದರು. ಅಪ್ಪ ಬಾಯಿ ತೆರೆಯುವ ಮೊದಲೇ ನಾನು, “ಸಾಮಿಲ್ ಕೆಲಸ. ಮರ ಕೊಯ್ಯೋದು. ಇಪ್ಪತ್ಮೂರು ವರ್ಷ” ಅಂದೆ.

“ಅಂಥದ್ದು ಇದರಲ್ಲಿ ಇಲ್ಲಮ್ಮ. ವ್ಯವಸಾಯ, ಕೂಲಿ, ವ್ಯಾಪಾರ, ನೌಕರಿ. ಕೂಲಿ ಅಂತ ಹಾಕ್ಲಾ?”

“ಕೂಲಿನಾ?” ಅಪ್ಪ ಕೌಂಟರಿನ ಮೇಲೆ ಬಗ್ಗಿದ. “ಎರಡೆಕ್ರೆ ಜಮೀನ್ ಪಾಣಿ ತೋರಿಸ್ಲಾ?”

“ಇತರೆ ಇದೆಯಾ?” ಕೇಳಿದೆ. ಇತ್ತು. ಇತರೆ ಎಂದು ಬಿತ್ತು. ನಿಜ ಹೇಳಬೇಕೆಂದು ಹೊರಟರೆ ನಿಜಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಮೂವತ್ತು ಸಿಟ್ಟಿಂಗು. ದಿನಾ ಬೆಳಗ್ಗಿನ ಹಾಲು ಮುಗಿಸಿ ಕಂಪಲಾಪುರಕ್ಕೆ ಬಂದು ಬಸ್ಸು ಹತ್ತಿ, ಹುಣಸೂರು ದಾಟಿ ಮೈಸೂರು. ಮೆಷಿನ್ನಿನೊಳಗೆ ಇರುವುದು ಕೆಲವೇ ನಿಮಿಷ, ಹೋಗಿ ಬರುವುದು ಇಡೀ ದಿನ. ಮುಖದ ಅಚ್ಚು ತೆಗೆದು ಮಾಡಿದ ಒಂದು ಜಾಲರಿಯನ್ನು ಮುಖಕ್ಕೆ ಹಾಕಿ ಮಂಚಕ್ಕೆ ಬಿಗಿಯುತ್ತಿದ್ದರು. “ಎತ್ತಿಗೆ ಬಾಯ್ಕುಕ್ಕೆ ಆಕಿದಂಗೆ” ಅನ್ನುತ್ತಿದ್ದ ಅಪ್ಪ. ಮೂರು ದಿನ ಮೆಷಿನ್ ಕೆಟ್ಟಿತ್ತು. ಅದರಲ್ಲಿ ಎರಡು ದಿನ ನಾವು ಅಲ್ಲಿಗೆ ಹೋದ ಮೇಲೆ ಗೊತ್ತಾದದ್ದು. ಸೆಪ್ಟೆಂಬರ್ ಹದಿನೆಂಟಕ್ಕೆ ಮುಗಿಯಿತು.

ನಡುವೆ ಒಂದು ದಿನ ಮಿಲ್ಲಿಗೆ ಹೋಗಿ ಅಪ್ಪನ ಜೊತೆಯವರಿಗೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಸಾಧ್ಯವಾದರೆ ಸರಿಯಾದ ಮಾಸ್ಕೇ ಹಾಕಿಕೊಳ್ಳಿ ಎಂದು ಹೇಳಿದೆ. ಆರು ಜನ ಇದ್ದರು. “ಬಟ್ಟೆ ಕಟ್ಕಂಡ್ರೆ ಬೀಡಿ ಎಲ್ಲಿಗ್ ಇಕ್ಕನ ಕೂಸೇ?” ಎಂದು ಒಬ್ಬರು ಕೇಳಿದರು, ಉಳಿದ ಐದು ಜನ ನಕ್ಕರು. ಆಮೇಲೆ ಅವರೇ ಅಪ್ಪ ಹೇಗಿದ್ದಾನೆಂದು ವಿಚಾರಿಸಿ, “ಸೈನಸ್ ನೆಗ್ಲೆಟ್ ಮಾಡಿದ್ರೆ ಇಂಗೇ ಆಗದು” ಅಂದರು. ನನ್ನ ಲೆಕ್ಕದಲ್ಲಿ ಸೈನಸ್ ಎಂದ ಇಪ್ಪತ್ತೇಳನೆಯವರು.

ಡಿಸೆಂಬರಿನ ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ. ಡಾಕ್ಟರಮ್ಮ ಖುಷಿಪಟ್ಟರು, ಆದರೆ ಕಣ್ಣಿನ ವಿಭಾಗಕ್ಕೆ ಹೋಗಿ ದೃಷ್ಟಿ ಪರೀಕ್ಷೆ ಮಾಡಿಸಿಕೊಂಡೇ ಹೋಗಬೇಕು ಎಂದರು. ಎಡಗಣ್ಣು ಹೇಗಿದೆ ಎಂದು ಕೇಳಿದ್ದಕ್ಕೆ ಅಪ್ಪ “ಪಸ್ಟ್ ಕ್ಲಾಸು” ಅಂದ. ಮನೆಯಲ್ಲೂ ಎರಡು ತಿಂಗಳಿಂದ ಅದನ್ನೇ ಹೇಳುತ್ತಿದ್ದ. ಜನವರಿಯಿಂದ ಮಿಲ್ಲಿಗೆ ಹೋಗುತ್ತೇನೆ ಎಂದೂ ಹೇಳಿಟ್ಟಿದ್ದ. ಗರಗಸದ ಮುಂದೆ ಅಲ್ಲ, ಹಲಗೆ ಎಣಿಸುವ ಕಡೆ, ಮಾಸ್ಕು ಹಾಕಿಕೊಂಡು ಎಂದು ಅವ್ವನ ಹತ್ತಿರ ಒಪ್ಪಂದ ಮಾಡಿಕೊಂಡಿದ್ದ.

ಕಣ್ಣಿನ ವಿಭಾಗದ ಮುಂದೆ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂತೆವು. ಬಾಗಿಲು ತೆರೆದೇ ಇತ್ತು. ಗೋಡೆಯ ಮೇಲೆ ಕನ್ನಡ ಅಕ್ಷರದ ಬೋರ್ಡು. ನಮ್ಮ ಸರದಿ ಬಂದಾಗ ಪರೀಕ್ಷೆ ಮಾಡು‌ವಾಕೆ ಅಪ್ಪನ ಬಲಗಣ್ಣು ಮುಚ್ಚಿಸಿ ಮೇಲಿನಿಂದ ಓದಲು ಹೇಳಿದರು. ಅಪ್ಪ ಓದಿದ. ಒಂದು, ಎರಡು, ಮೂರು. ಎಲ್ಲೂ ತಡವರಿಸಲಿಲ್ಲ. ನನಗೆ ಎದೆ ಹಗುರವಾಯಿತು. ಅಷ್ಟರಲ್ಲಿ ಆಕೆ ಕೋಲನ್ನು ನಾಲ್ಕನೇ ಸಾಲಿಗೆ ಇಳಿಸುವ ಮೊದಲೇ ಅಪ್ಪ “ಗ, ಮ, ರ, ದ” ಅಂದುಬಿಟ್ಟ. ಐದನೆಯದನ್ನೂ ಅದೇ ಉಸಿರಿನಲ್ಲಿ ಹೇಳಿದ, ಮಗ್ಗಿ ಒಪ್ಪಿಸಿದ ಹಾಗೆ. ಮುಖ ಬೋರ್ಡಿನ ಕಡೆಗೂ ಇರಲಿಲ್ಲ, ಸ್ವಲ್ಪ ಪಕ್ಕಕ್ಕಿತ್ತು.

ಆಕೆ ಬರೆದುಕೊಳ್ಳಲು ಪೆನ್ನು ತೆಗೆದರು.

“ಮೇಡಂ, ಬೇರೆ ಬೋರ್ಡ್ ಹಾಕಿ” ಅಂದೆ.

“ಏನವ್ವ ನಿಂದು?” ಅಪ್ಪ ಗದರಿದ.

“ಬೆಂಚಿನ ಮೇಲೆ ಕೂತ್ಕಂಡು ಬಲಗಣ್ಣಲ್ಲಿ ಬಾಯಿಪಾಠ ಮಾಡ್ಕಂಡವ್ನೆ. ಬೇರೆ ಹಾಕಿ.”

ಆಕೆ ನಗು ತಡೆದುಕೊಂಡು ಬೋರ್ಡು ತಿರುಗಿಸಿದರು. ಹಿಂಬದಿಯಲ್ಲಿ ಬೇರೆ ಅಕ್ಷರಗಳಿದ್ದವು. ಅಪ್ಪ ಮೊದಲ ಸಾಲು ಓದಿದ. ಎರಡನೆಯದನ್ನು ತಡೆದು ತಡೆದು ಓದಿದ. ಮೂರನೆಯದರಲ್ಲಿ ಮೊದಲ ಅಕ್ಷರ ಸರಿ ಹೇಳಿ ನಿಂತ.

ಕಣ್ಣಿನ ಡಾಕ್ಟರು ನೀಲಿ ದೀಪ ಹಾಕಿ ನೋಡಿದರು. ಕಣ್ಣಿನ ಮುಂದಿನ ಪದರ ಒಣಗಿ ಒಣಗಿ ಗಾಯವಾಗಿತ್ತು. “ಉರಿ ಇರಲಿಲ್ವಾ? ಎಷ್ಟು ದಿನದಿಂದ?” ಅಪ್ಪ ಟವೆಲಿನಿಂದ ಕಣ್ಣು ಒರೆಸಿಕೊಂಡ. ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ತೂತು ಬೀಳುತ್ತಿತ್ತು ಎಂದರು. ಗಂಟೆಗೊಮ್ಮೆ ಹನಿ, ಮಲಗುವಾಗ ಮುಲಾಮು, ಹತ್ತು ದಿನ ಬಿಟ್ಟು ಬರಬೇಕು. ದೃಷ್ಟಿ ಪೂರ್ತಿ ವಾಪಸ್ಸು ಬರುತ್ತದೆಯೇ ಎಂದು ಕೇಳಿದೆ. “ನೋಡೋಣ” ಅಂದರು. ಈ ಒಂದೂವರೆ ವರ್ಷದಲ್ಲಿ ಆ ಪದವನ್ನು ಎಷ್ಟು ಸಲ ಕೇಳಿದ್ದೇನೆಂಬುದಕ್ಕೆ ಮಾತ್ರ ಲೆಕ್ಕ ಇಟ್ಟಿಲ್ಲ.

ಹೊರಗೆ ಬಂದು ಅದೇ ಬೆಂಚಿನ ಮೇಲೆ ಕೂರಿಸಿ ಮೊದಲ ಹನಿ ಹಾಕಿದೆ. ಅಪ್ಪ ತಲೆ ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿಕೊಂಡೇ ಮಾತಾಡಿದ.

“ಐದ್ ಸಾಲು ಅಂತ ಬರೆಸ್ಕಂಡು ಸುಮ್ನೆ ಮನೆಗೋಗಬವುದಿತ್ತು.”

“ಹೋಗಬಹುದಿತ್ತು.”

“ಮಿಲ್ಲಿಗೂ ಓಗಬವುದಿತ್ತು.”

“ಹೂಂ.”

“ನಿನ್ ಪುಸ್ತಕದಲ್ಲಾದ್ರೂ ಐದು ಅಂತ ಬರಿ.”

“ಎರಡು.”

“ಮೂರನೇ ಸಾಲಲ್ಲಿ ಒಂದಕ್ಸರ ಸರಿ ಏಳಿದ್ನಲ್ಲ. ಅದ್ಕೆಲ್ಲಿ ಲೆಕ್ಕ? ಎರಡೂವರೆ ಬರಿ.”

ಆ ಸಾಲಿನಲ್ಲಿ ನಾಲ್ಕು ಅಕ್ಷರಗಳಿದ್ದವು. ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು, ತಾರೀಖು ಹಾಕಿ, ಎಡಗಣ್ಣು ಎರಡೂಕಾಲು ಎಂದು ಬರೆದೆ.